ವಿಕ್ಟೋರಿಯನ್ ಲಂಡನ್ನಿನ ಸಾವಿನ ಲೆಕ್ಕ ಓದುವುದು ಹೇಗೆ: ಲ್ಯಾಂಬೆತ್ ಜಿಲ್ಲೆಯನ್ನು ಹಿಡಿದು ಒಂದು ಮಾರ್ಗದರ್ಶಿ

ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ, ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಪಕ್ಕದಲ್ಲಿ, 2015ರಿಂದ ಬಸವಣ್ಣನವರ ಪ್ರತಿಮೆ ಇದೆ. ಅದನ್ನು ನೋಡಿ ಬಂದ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ: ಈ ದಂಡೆಯಲ್ಲಿ ಹಿಂದೆ ಬಡವರ ಕೇರಿಗಳಿದ್ದವಂತೆ, ಕಾಲರಾದಿಂದ ಜನ ಸತ್ತರಂತೆ, ನಿಜಕ್ಕೂ ಎಷ್ಟು ಮಂದಿ, ಯಾವ ಯಾವ ಕಾಯಿಲೆಯಿಂದ ಸತ್ತರು ಅಂತ ನಾವೇ ನೋಡಬಹುದೇ?

ನೋಡಬಹುದು. ದಾಖಲೆಗಳಲ್ಲಿ ಹೆಚ್ಚಿನವು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕೂತು ಓದಬಹುದು. ಕಷ್ಟ ಇರುವುದು ದಾಖಲೆ ಹುಡುಕುವುದರಲ್ಲಲ್ಲ, ಸಿಕ್ಕ ಅಂಕಿಯನ್ನು ಹಾಗೇ ನಂಬಿಬಿಡುವುದರಲ್ಲಿ. ಕೋಷ್ಟಕದಲ್ಲಿರುವ ಒಂದು ಸಂಖ್ಯೆ ಒಬ್ಬ ವೈದ್ಯ ಏನು ಬರೆದ, ಒಬ್ಬ ನೋಂದಣಿ ಗುಮಾಸ್ತ ಅದನ್ನು ಯಾವ ಊರಿನ ಖಾತೆಗೆ ಹಾಕಿದ, ಲಂಡನ್ನಿನ ಕಚೇರಿ ಅದನ್ನು ಯಾವ ತಲೆಬರಹದಡಿ ಸೇರಿಸಿತು ಅನ್ನುವ ಮೂರು ತೀರ್ಮಾನಗಳ ಫಲ. ಕೆಳಗಿನ ಹಂತಗಳು ಆ ಮೂರನ್ನೂ ಬಿಡಿಸಿ ನೋಡುವ ಕ್ರಮ. ಲ್ಯಾಂಬೆತ್ ಉದಾಹರಣೆ ಮಾತ್ರ. ಬೆತ್ನಲ್ ಗ್ರೀನ್, ವೈಟ್‌ಚಾಪೆಲ್, ಲಿವರ್‌ಪೂಲ್ ಯಾವುದಕ್ಕಾದರೂ ಇದೇ ಕ್ರಮ ನಡೆಯುತ್ತದೆ.

ಬೇಕಾಗುವುದು ಇಷ್ಟು: ಒಂದು ಸ್ಪ್ರೆಡ್‌ಶೀಟ್, ಹಳೆಯ ಇಂಗ್ಲಿಷ್ ವೈದ್ಯಕೀಯ ಪದಗಳ ಒಂದು ಪಟ್ಟಿ (ಐದನೇ ಹಂತದಲ್ಲಿ ಕೊಟ್ಟಿದ್ದೇನೆ), ಮತ್ತು ಮೂಲ ಪುಟದ ಚಿತ್ರವನ್ನೇ ತೆರೆದು ಅಂಕಿ ನೋಡುವ ತಾಳ್ಮೆ.

1. ಮೊದಲು ಗಡಿ, ಆಮೇಲೆ ಅಂಕಿ

'ಲ್ಯಾಂಬೆತ್' ಅಂದರೆ ಯಾವ ಲ್ಯಾಂಬೆತ್ ಅಂತ ಮೊದಲು ಇತ್ಯರ್ಥ ಮಾಡಿಕೊಳ್ಳಿ. ವಿಕ್ಟೋರಿಯನ್ ಇಂಗ್ಲೆಂಡಿನಲ್ಲಿ ಒಂದೇ ಹೆಸರಿಗೆ ಮೂರು ಗಡಿ ಇರಬಹುದಿತ್ತು. ಒಂದು, ಚರ್ಚಿನ ಆಡಳಿತದಿಂದ ಬಂದ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಊರಿನ ವ್ಯಾಪ್ತಿ. ಎರಡು, ನೋಂದಣಿ ಜಿಲ್ಲೆ: 1834ರ ಬಡವರ ಕಾನೂನಿನಡಿ ಬಡವರ ನೆರವಿಗಾಗಿ ಪ್ಯಾರಿಷ್‌ಗಳನ್ನು ಸೇರಿಸಿ ಮಾಡಿದ ಒಕ್ಕೂಟಗಳನ್ನು ಆಧರಿಸಿ ಜನನ-ಮರಣ ದಾಖಲಿಸಲು ಮಾಡಿದ ವಿಭಾಗ, 1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನ ಸಾವುಗಳೆಲ್ಲ ಇದರಡಿ ಬರುತ್ತವೆ. ಮೂರು, ನೈರ್ಮಲ್ಯ ಆಡಳಿತದ ಗಡಿ: 1855ರ ಕಾಯ್ದೆಯ ನಂತರ ಲಂಡನ್ನಿನಲ್ಲಿ ವೆಸ್ಟ್ರಿ ಎಂಬ ಸ್ಥಳೀಯ ಸಭೆಗಳು ಅಥವಾ ಜಿಲ್ಲಾ ಮಂಡಳಿಗಳು ಚರಂಡಿ, ಕಸ, ಆರೋಗ್ಯ ನೋಡಿಕೊಂಡವು. 1900ರಲ್ಲಿ ಅವುಗಳ ಜಾಗಕ್ಕೆ ಮೆಟ್ರೊಪಾಲಿಟನ್ ಬರೊಗಳು ಬಂದವು, ಗಡಿಗಳು ಅಲ್ಲಲ್ಲಿ ಸರಿದವು.

ಹೊಸಬರಿಗೆ ಲ್ಯಾಂಬೆತ್ ಒಳ್ಳೆಯ ಆಯ್ಕೆ, ಏಕೆಂದರೆ ಇಲ್ಲಿ ಈ ಮೂರು ಗಡಿಗಳು ಹೆಚ್ಚುಕಡಿಮೆ ಒಂದೇ. ಬೇರೆ ಜಿಲ್ಲೆ ಹಿಡಿದರೆ ಆರೋಗ್ಯಾಧಿಕಾರಿಯ ವರದಿಯ ಸಾವುಗಳನ್ನು ನೋಂದಣಿ ಜಿಲ್ಲೆಯ ಜನಸಂಖ್ಯೆಯಿಂದ ಭಾಗಿಸಿ ಕೂರುವ ಅಪಾಯ ಇದೆ. ಎಲ್ಲರೂ ಮೊದಲು ಎಡವುವುದು ಇಲ್ಲೇ.

ಲ್ಯಾಂಬೆತ್‌ಗೆ ಬೇರೊಂದು ತೊಡಕಿದೆ. ಅದು ಉದ್ದವಾದ ಪ್ಯಾರಿಷ್. ಉತ್ತರದ ತುದಿಯಲ್ಲಿ ನದಿ, ತಗ್ಗು ನೆಲ, ಕುಂಬಾರಿಕೆಯ ಕಾರ್ಖಾನೆಗಳು, ಕಿಕ್ಕಿರಿದ ಓಣಿಗಳು; ದಕ್ಷಿಣದಲ್ಲಿ ಬ್ರಿಕ್ಸ್‌ಟನ್ ಮತ್ತು ನಾರ್ವುಡ್, ಎತ್ತರದ ನೆಲ, ಕೈತೋಟದ ಮನೆಗಳು. ಇಡೀ ಜಿಲ್ಲೆಯ ಸರಾಸರಿ ತೆಗೆದರೆ ಎರಡೂ ಮರೆಯಾಗುತ್ತವೆ. ಹಾಗಾಗಿ ಉಪಜಿಲ್ಲೆಗಳ ಮಟ್ಟಕ್ಕೆ ಇಳಿಯಿರಿ. 1851ರಲ್ಲಿ ಇದ್ದ ಉಪಜಿಲ್ಲೆಗಳು ಎಂಟು: ವಾಟರ್‌ಲೂ ರೋಡ್, ಲ್ಯಾಂಬೆತ್ ಚರ್ಚ್, ಕೆನಿಂಗ್ಟನ್ ಈ ಮೂರಕ್ಕೂ ಎರಡೆರಡು ಭಾಗ, ಜೊತೆಗೆ ಬ್ರಿಕ್ಸ್‌ಟನ್, ನಾರ್ವುಡ್. ವರದಿ ಬರೆಯುವಾಗ 'ಲ್ಯಾಂಬೆತ್‌ನ ಮರಣ ಪ್ರಮಾಣ' ಅನ್ನುವ ಒಂದೇ ಅಂಕಿ ಕೊಟ್ಟು ಕೊಳೆಗೇರಿಯ ವಿವರಣೆ ಹಚ್ಚಬೇಡಿ. ಆ ಅಂಕಿಯೊಳಗೆ ನಾರ್ವುಡ್‌ನ ಬಂಗಲೆಗಳೂ ಇವೆ.

2. ದಾಖಲೆ ಒಟ್ಟು ಮಾಡುವುದು

ನಾಲ್ಕು ಬಗೆಯ ದಾಖಲೆ ಬೇಕು, ಒಂದೊಂದರ ಉಪಯೋಗ ಬೇರೆ.

ರಿಜಿಸ್ಟ್ರಾರ್ ಜನರಲ್ (ಜನನ-ಮರಣ ನೋಂದಣಿಯ ಮುಖ್ಯಾಧಿಕಾರಿ) ಅವರ ವಾರದ ಪಟ್ಟಿಗಳು 1840ರಿಂದ ಲಂಡನ್ನಿಗೆ ಸಿಗುತ್ತವೆ. ಸಾಂಕ್ರಾಮಿಕ ಯಾವ ವಾರ ಏರಿತು, ಯಾವ ವಾರ ಇಳಿಯಿತು ಅಂತ ನೋಡಲು ಇವೇ ಬೇಕು. 1873ರ ಡಿಸೆಂಬರಿನ ದಟ್ಟ ಮಂಜು-ಹೊಗೆಯ ವಾರದ ಆಸುಪಾಸಿನಲ್ಲಿ ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ) ಸಾವುಗಳು ಜಿಗಿದದ್ದು ಇವುಗಳಲ್ಲಿ ಕಾಣುತ್ತದೆ. ವಾರ್ಷಿಕ ಮೊತ್ತದಲ್ಲಿ ಅದು ಕರಗಿಹೋಗುತ್ತದೆ. ತ್ರೈಮಾಸಿಕ ಮತ್ತು ವಾರ್ಷಿಕ ವರದಿಗಳಲ್ಲಿ ಜಿಲ್ಲಾವಾರು ಮೊತ್ತ ಇರುತ್ತದೆ. ಮೂರನೆಯದು ದಶಕದ ಪೂರಕ ಸಂಪುಟ: 1851–60ಕ್ಕೆ ಮೊದಲ ಸಂಪುಟ 1864ರಲ್ಲಿ ಬಂತು, ಪ್ರತಿ ನೋಂದಣಿ ಜಿಲ್ಲೆಗೂ ವಯಸ್ಸು ಮತ್ತು ಕಾರಣದ ಪ್ರಕಾರ ಹತ್ತು ವರ್ಷದ ಸಾವುಗಳನ್ನು ಕೊಡುತ್ತದೆ. ಒಂದೇ ದಾಖಲೆ ನೋಡಲು ಸಮಯವಿದ್ದರೆ ಇದನ್ನೇ ನೋಡಿ. ಹತ್ತು ವರ್ಷದ ಮೊತ್ತವಾದ್ದರಿಂದ ಒಂದು ವರ್ಷದ ಆಕಸ್ಮಿಕ ಏರಿಳಿತ ನಿಮ್ಮನ್ನು ದಾರಿ ತಪ್ಪಿಸುವುದಿಲ್ಲ.

ನಾಲ್ಕನೆಯದು ಮೆಡಿಕಲ್ ಆಫೀಸರ್ ಆಫ್ ಹೆಲ್ತ್, ಅಂದರೆ ಸ್ಥಳೀಯ ಆರೋಗ್ಯಾಧಿಕಾರಿಯ ವಾರ್ಷಿಕ ವರದಿ. ಲಿವರ್‌ಪೂಲ್ 1847ರಲ್ಲಿ ವಿಲಿಯಂ ಹೆನ್ರಿ ಡಂಕನ್‌ರನ್ನು, ಲಂಡನ್ ಸಿಟಿ (ಲಂಡನ್ನಿನ ಹಳೆಯ ನಡುಭಾಗ) 1848ರಲ್ಲಿ ಜಾನ್ ಸೈಮನ್‌ರನ್ನು ಈ ಹುದ್ದೆಗೆ ತಂದವು. 1855ರ ಕಾಯ್ದೆಯಿಂದ ಲಂಡನ್ನಿನ ಪ್ರತಿ ವೆಸ್ಟ್ರಿಗೂ ಇದು ಕಡ್ಡಾಯವಾಯಿತು. ಲ್ಯಾಂಬೆತ್‌ಗೆ ಮೊದಲು ಬಂದವರು ರಸಾಯನಶಾಸ್ತ್ರಜ್ಞ ವಿಲಿಯಂ ಓಡ್ಲಿಂಗ್. ಈ ವರದಿಗಳಲ್ಲಿ ಅಂಕಿಯ ಜೊತೆಗೆ ಬೀದಿಯ ಹೆಸರು, ಬಾವಿ, ನೆಲಮಾಳಿಗೆ, ಹಸು ಕೊಟ್ಟಿಗೆ, ಹಾಲಿನ ಪರೀಕ್ಷೆ ಎಲ್ಲ ಬರುತ್ತದೆ. ವೆಲ್‌ಕಮ್ ಗ್ರಂಥಾಲಯ 'ಲಂಡನ್ಸ್ ಪಲ್ಸ್' ಎಂಬ ಹೆಸರಿನಲ್ಲಿ ಲಂಡನ್ನಿನ ಇಂಥ 5,500ಕ್ಕೂ ಹೆಚ್ಚು ವರದಿಗಳನ್ನು ಅಂತರ್ಜಾಲಕ್ಕೆ ಹಾಕಿದೆ.

ಮೂರು ಎಚ್ಚರಿಕೆ. ವಾರದ ಪಟ್ಟಿಗಳು ಶನಿವಾರಕ್ಕೆ ಮುಗಿಯುತ್ತವೆ, ಅವುಗಳನ್ನೇ ಕೂಡಿಸಿ ವರ್ಷ ಮಾಡಿದ ಆರೋಗ್ಯಾಧಿಕಾರಿಗಳ 'ವರ್ಷ' ಕೆಲವೊಮ್ಮೆ 53 ವಾರದ್ದಾಗಿರುತ್ತದೆ. ಆ ವರ್ಷ ಸಾವು ಸುಮಾರು 2% ಹೆಚ್ಚಾದಂತೆ ಕಂಡರೆ ಅದು ರೋಗವಲ್ಲ, ಕ್ಯಾಲೆಂಡರ್. ಎರಡನೆಯದು: ಪಟ್ಟಿಗಳು ಸಾವು ನೋಂದಣಿಯಾದ ದಿನದ ಪ್ರಕಾರ ಇರುತ್ತವೆ, ಸತ್ತ ದಿನದ ಪ್ರಕಾರವಲ್ಲ. ಕರೋನರ್ (ಹಠಾತ್ ಇಲ್ಲವೇ ಅನುಮಾನಾಸ್ಪದ ಸಾವುಗಳನ್ನು ತನಿಖೆ ಮಾಡುವ ಅಧಿಕಾರಿ) ವಿಚಾರಣೆ ನಡೆದ ಸಾವುಗಳು ತಡವಾಗಿ, ಕೆಲವೊಮ್ಮೆ ಗುಂಪಾಗಿ ದಾಖಲಾಗುತ್ತವೆ. ಮೂರನೆಯದು: ಸ್ಕ್ಯಾನ್ ಮಾಡಿದ ಕೋಷ್ಟಕವನ್ನು ಯಂತ್ರ ಓದಿದಾಗ 3 ಮತ್ತು 8, 1 ಮತ್ತು 7 ಅದಲುಬದಲಾಗುತ್ತವೆ. ಕೋಷ್ಟಕವನ್ನು ನಕಲು ಮಾಡಿದ ಮೇಲೆ ಸಾಲುಗಳ ಮೊತ್ತ, ಕಂಬಗಳ ಮೊತ್ತ ಎರಡನ್ನೂ ಮುದ್ರಿತ ಮೊತ್ತದ ಜೊತೆ ತಾಳೆ ನೋಡಿ. ತಾಳೆಯಾಗದಿದ್ದರೆ ಚಿತ್ರಕ್ಕೆ ಹಿಂತಿರುಗಿ. ಅಪರೂಪಕ್ಕೆ ಮುದ್ರಿತ ಮೊತ್ತವೇ ತಪ್ಪಿರುತ್ತದೆ. ಆಗ ತಿದ್ದದೆ, ಪಕ್ಕದ ಕಂಬದಲ್ಲಿ ಟಿಪ್ಪಣಿ ಹಾಕಿ.

3. ಛೇದ ಸರಿಮಾಡಿಕೊಳ್ಳಿ

ಮರಣ ಪ್ರಮಾಣ ಅಂದರೆ ಸಾವುಗಳನ್ನು ಜನಸಂಖ್ಯೆಯಿಂದ ಭಾಗಿಸಿ ಸಾವಿರದಿಂದ ಗುಣಿಸುವುದು. ಅಂಶದ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಛೇದವನ್ನು ಯಾರೂ ನೋಡುವುದಿಲ್ಲ. ಜನಗಣತಿ ಹತ್ತು ವರ್ಷಕ್ಕೊಮ್ಮೆ. ಲ್ಯಾಂಬೆತ್‌ನ ಜನಸಂಖ್ಯೆ 1851ರಲ್ಲಿ 1,39,325, 1861ರಲ್ಲಿ 1,62,044. ನಡುವಿನ ವರ್ಷಗಳಿಗೆ ಅಂದಾಜು ಮಾಡಲೇಬೇಕು.

1856ರ ವಸಂತಕ್ಕೆ ಅಂದಾಜು ಬೇಕೆನ್ನಿ. ಸಮವಾಗಿ ಬೆಳೆಯಿತು ಅಂತ ಹಿಡಿದರೆ ಎರಡನ್ನೂ ಕೂಡಿಸಿ ಅರ್ಧ ಮಾಡಿ: 1,50,685. ಶೇಕಡಾ ಲೆಕ್ಕದಲ್ಲಿ ಬೆಳೆಯಿತು ಅಂತ ಹಿಡಿದರೆ ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ: ಸುಮಾರು 1,50,256. ವ್ಯತ್ಯಾಸ ಚಿಕ್ಕದು, ಯಾವುದನ್ನು ಬಳಸಿದರೂ ಅಡ್ಡಿಯಿಲ್ಲ, ಯಾವುದನ್ನು ಬಳಸಿದಿರಿ ಅಂತ ಬರೆದಿಡಿ. ದೊಡ್ಡ ತಪ್ಪು ಬೇರೆ: 1860ರ ಸಾವುಗಳನ್ನು 1851ರ ಜನಸಂಖ್ಯೆಯಿಂದ ಭಾಗಿಸುವುದು. ಹಾಗೆ ಮಾಡಿದರೆ ಮರಣ ಪ್ರಮಾಣ ಇರುವುದಕ್ಕಿಂತ ಸುಮಾರು 14–15% ಹೆಚ್ಚು ಬರುತ್ತದೆ, ಒಂದು ಸಾಂಕ್ರಾಮಿಕವನ್ನೇ ಶೂನ್ಯದಿಂದ ಹುಟ್ಟಿಸಿದಂತೆ. ಅಂದಿನ ಅಧಿಕಾರಿಗಳೂ ಮುಂದಿನ ಜನಗಣತಿ ಬರುವ ಮೊದಲು ಊಹೆಯ ಮೇಲೆ ಬರೆಯುತ್ತಿದ್ದರು. ಆದ್ದರಿಂದ 1859 ಅಥವಾ 1869ರ ವರದಿಯಲ್ಲಿ ಮುದ್ರಿತವಾದ ಪ್ರಮಾಣವನ್ನು ಹಾಗೇ ಎತ್ತಿಕೊಳ್ಳಬೇಡಿ, ಸಾವಿನ ಸಂಖ್ಯೆಯನ್ನು ಮಾತ್ರ ತೆಗೆದುಕೊಂಡು ಎರಡೂ ಬದಿಯ ಜನಗಣತಿಯಿಂದ ನೀವೇ ಲೆಕ್ಕ ಹಾಕಿ.

ಸಾಧ್ಯವಾದರೆ ಜನಗಣತಿ ವರ್ಷದ ಸುತ್ತಲಿನ ಮೂರು ವರ್ಷಗಳನ್ನು, ಅಂದರೆ 1860, 1861, 1862 ಹೀಗೆ, ಸೇರಿಸಿ ಸರಾಸರಿ ತೆಗೆಯಿರಿ. ಛೇದದ ಅನುಮಾನ ಅಲ್ಲಿ ತೀರ ಕಡಿಮೆ.

ಇದೇ ವಿಧಾನವನ್ನು 1898ರ ಬೆಂಗಳೂರು ಪ್ಲೇಗಿಗೆ ಹಚ್ಚಲು ಹೊರಟವರಿಗೆ ಒಂದು ಮಾತು: ಅಲ್ಲಿ ಮೈಸೂರು ಸಂಸ್ಥಾನದ ಪೇಟೆ ಮತ್ತು ಬ್ರಿಟಿಷರ ದಂಡು ಎರಡು ಬೇರೆ ಆಡಳಿತ, ಎರಡು ಬೇರೆ ಲೆಕ್ಕ. ಜೊತೆಗೆ ಪ್ಲೇಗ್ ಬಂದ ಕೂಡಲೇ ಜನ ಊರು ಬಿಟ್ಟರು. ಹಾಗಾಗಿ 1891ರ ಜನಗಣತಿಯಿಂದ ಬೆಳೆಸಿದ ಛೇದ ಅಲ್ಲಿ ನಿಲ್ಲುವುದಿಲ್ಲ.

4. ಪರಊರಿನವರ ಸಾವನ್ನು ಬೇರ್ಪಡಿಸಿ

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಸಾವು ಎಲ್ಲಿ ಸಂಭವಿಸಿತೋ ಆ ಜಿಲ್ಲೆಯಲ್ಲಿ ನೋಂದಣಿ. ಸತ್ತವನ ಮನೆ ಎಲ್ಲಿತ್ತು ಅನ್ನುವುದು ಲೆಕ್ಕಕ್ಕಿಲ್ಲ. ದೊಡ್ಡ ಆಸ್ಪತ್ರೆ ಇರುವ ಜಿಲ್ಲೆ ಕಾಗದದ ಮೇಲೆ ಕಾಯಿಲೆಯ ಊರಾಗುತ್ತದೆ. ಆಸ್ಪತ್ರೆಯಿಲ್ಲದ ಬಡ ಜಿಲ್ಲೆ ತನ್ನ ಸಾವುಗಳನ್ನು ಪಕ್ಕದವರಿಗೆ ದಾನ ಮಾಡಿ ಆರೋಗ್ಯವಾಗಿ ಕಾಣುತ್ತದೆ.

ಲ್ಯಾಂಬೆತ್‌ನಲ್ಲಿ ಇದು ಹೇಗೆ ಆಗುತ್ತದೆ ನೋಡಿ. ಸೇಂಟ್ ಥಾಮಸ್ ಆಸ್ಪತ್ರೆ ಶತಮಾನಗಳ ಕಾಲ ಸದರ್ಕ್‌ನಲ್ಲಿತ್ತು. ರೈಲು ಮಾರ್ಗಕ್ಕಾಗಿ 1862ರಲ್ಲಿ ಅಲ್ಲಿಂದ ಎದ್ದು ಸರ್ರೆ ಗಾರ್ಡನ್ಸ್‌ನಲ್ಲಿ ತಾತ್ಕಾಲಿಕವಾಗಿ ಉಳಿದು, 1871ರಲ್ಲಿ ಲ್ಯಾಂಬೆತ್‌ನ ನದಿ ದಂಡೆಯ ಹೊಸ ಕಟ್ಟಡಕ್ಕೆ ಬಂತು. ಅಂದರೆ 1871ರಿಂದ ದಕ್ಷಿಣ ಲಂಡನ್ನಿನ ಎಲ್ಲೆಡೆಯ ಶಸ್ತ್ರಚಿಕಿತ್ಸೆ, ಅಪಘಾತದ ಸಾವುಗಳು ಲ್ಯಾಂಬೆತ್‌ನ ಖಾತೆಗೆ ಬೀಳತೊಡಗಿದವು. ಅದೇ 1871ರಲ್ಲಿ ಮೆಟ್ರೊಪಾಲಿಟನ್ ಅಸೈಲಮ್ಸ್ ಬೋರ್ಡ್, ಅಂದರೆ ಇಡೀ ಲಂಡನ್ನಿನ ಬಡರೋಗಿಗಳಿಗೆ ಆಸ್ಪತ್ರೆ ನಡೆಸಲು 1867ರಲ್ಲಿ ಹುಟ್ಟಿದ ಮಂಡಳಿ, ಇದೇ ಪ್ಯಾರಿಷ್‌ನ ಸ್ಟಾಕ್‌ವೆಲ್‌ನಲ್ಲಿ ಜ್ವರ ಮತ್ತು ಸಿಡುಬಿನ ಆಸ್ಪತ್ರೆಗಳನ್ನು ತೆರೆಯಿತು. 1871–72ರದ್ದು ಆ ಶತಮಾನದ ಉತ್ತರಾರ್ಧದ ಅತಿ ದೊಡ್ಡ ಸಿಡುಬಿನ ಹಾವಳಿ; ಇಂಗ್ಲೆಂಡ್-ವೇಲ್ಸಿನಲ್ಲಿ ಎರಡು ವರ್ಷಕ್ಕೆ 42,000ಕ್ಕೂ ಹೆಚ್ಚು ಸಾವು. ಲ್ಯಾಂಬೆತ್‌ನ ಸಿಡುಬಿನ ಸಾವುಗಳನ್ನು 1870 ಮತ್ತು 1872ರ ನಡುವೆ ಹೋಲಿಸುವವರು ಅರ್ಧ ರೋಗವನ್ನು, ಅರ್ಧ ಆಸ್ಪತ್ರೆಯ ವಿಳಾಸವನ್ನು ಅಳೆಯುತ್ತಿರುತ್ತಾರೆ.

ಯಾರ್ಕ್ ರೋಡಿನ ಜನರಲ್ ಲೈಯಿಂಗ್-ಇನ್ ಆಸ್ಪತ್ರೆ ಹೆರಿಗೆ ಆಸ್ಪತ್ರೆ. ಬಾಣಂತಿ ಸಾವು, ಹಸುಗೂಸುಗಳ ಸಾವಿನ ಜೊತೆಗೆ ಅದು ಜನನದ ಸಂಖ್ಯೆಯನ್ನೂ ಹಿಗ್ಗಿಸುತ್ತದೆ ಅನ್ನುವುದನ್ನು ಮರೆಯುತ್ತೇವೆ. ಕೊನೆಯದು ವರ್ಕ್‌ಹೌಸ್, ಗತಿಯಿಲ್ಲದವರನ್ನು ಕೆಲಸದ ಷರತ್ತಿನ ಮೇಲೆ ಇರಿಸಿಕೊಳ್ಳುತ್ತಿದ್ದ ಸರ್ಕಾರಿ ಆಶ್ರಯ. ಲ್ಯಾಂಬೆತ್‌ನದು 1870ರ ದಶಕದ ಆರಂಭದಿಂದ ರೆನ್‌ಫ್ರೂ ರೋಡಿನಲ್ಲಿತ್ತು. ಬಾಲಕ ಚಾರ್ಲಿ ಚಾಪ್ಲಿನ್ ಸೇರಿದ್ದು ಅಲ್ಲಿಗೇ. ಇಲ್ಲಿ ಸತ್ತವರು ಲ್ಯಾಂಬೆತ್‌ನವರೇ, ಆದರೆ ಬೇರೆ ಬೇರೆ ಉಪಜಿಲ್ಲೆಗಳಿಂದ ಬಂದವರು. ಜಿಲ್ಲೆಯ ಮೊತ್ತಕ್ಕೆ ಇದರಿಂದ ತೊಂದರೆಯಿಲ್ಲ, ಉಪಜಿಲ್ಲೆಯ ಲೆಕ್ಕ ಮಾತ್ರ ಕೆಡುತ್ತದೆ.

ಸರಿಪಡಿಸುವುದು ಹೀಗೆ. ಶತಮಾನದ ಕೊನೆಯ ದಶಕಗಳ ಆರೋಗ್ಯಾಧಿಕಾರಿ ವರದಿಗಳಲ್ಲಿ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ: ನೋಂದಣಿಯಾದ ಸಾವು, ಮತ್ತು ತಿದ್ದಿದ ಸಾವು. ತಿದ್ದಿದ್ದು ಅಂದರೆ ಹೊರಗಿನವರನ್ನು ಕಳೆದು, ಹೊರಗೆ ಸತ್ತ ನಮ್ಮವರನ್ನು ಕೂಡಿಸಿದ್ದು. ಇದ್ದರೆ ಅದನ್ನೇ ಬಳಸಿ, ಆದರೆ ಕೂಡಿಸಿದ್ದಾರೋ ಇಲ್ಲವೋ ಖಚಿತಪಡಿಸಿಕೊಳ್ಳಿ. ಕಳೆಯುವುದನ್ನು ಮಾತ್ರ ಮಾಡಿ ಕೂಡಿಸದೆ ಬಿಟ್ಟ ವರದಿಗಳಿವೆ. ತನ್ನ ಜಿಲ್ಲೆ ಚೆನ್ನಾಗಿ ಕಾಣಲಿ ಎಂಬ ಆಸೆ ವೆಸ್ಟ್ರಿಗಳಿಗೂ ಇತ್ತು. ಹಳೆಯ ವರ್ಷಗಳಿಗೆ ತಿದ್ದಿದ ಅಂಕಿ ಸಿಗದಿದ್ದರೆ ಸಂಸ್ಥೆಗಳಲ್ಲಿ ಆದ ಸಾವುಗಳನ್ನು ಪ್ರತ್ಯೇಕ ಕಂಬದಲ್ಲಿಟ್ಟು, ಅವುಗಳನ್ನು ಸೇರಿಸಿ ಒಂದು ಪ್ರಮಾಣ, ಬಿಟ್ಟು ಒಂದು ಪ್ರಮಾಣ, ಎರಡನ್ನೂ ಕೊಡಿ. ನಿಜ ಈ ಎರಡರ ನಡುವೆ ಎಲ್ಲೋ ಇರುತ್ತದೆ.

5. ಕಾರಣದ ಭಾಷೆ ಕಲಿಯಿರಿ

ಸಾವಿನ ಕಾರಣಗಳನ್ನು ವರ್ಗ ಮಾಡಿದವರು ವಿಲಿಯಂ ಫಾರ್. ವೈದ್ಯ, ಅಂಕಿಅಂಶ ತಜ್ಞ. ನೋಂದಣಿ ಕಚೇರಿಯಲ್ಲಿ ನಾಲ್ಕು ದಶಕ ದುಡಿದು 1880ರಲ್ಲಿ ನಿವೃತ್ತರಾದರು. ಅವರ ವರ್ಗಗಳಲ್ಲಿ ನಿಮಗೆ ಹೆಚ್ಚು ಎದುರಾಗುವುದು 'ಝೈಮೋಟಿಕ್'. ಹುಳಿ ಬರುವ ಹಾಗೆ ದೇಹದಲ್ಲಿ ವಿಷ ಹರಡುತ್ತದೆ ಎಂಬ ಕಲ್ಪನೆಯ ಮೇಲೆ ಹುಟ್ಟಿದ ಪದ. ಸುಮಾರಾಗಿ ಇಂದಿನ ಸಾಂಕ್ರಾಮಿಕ ರೋಗ. ವರದಿಗಳಲ್ಲಿ 'ಏಳು ಪ್ರಮುಖ ಝೈಮೋಟಿಕ್ ರೋಗಗಳು' ಎಂದರೆ ಸಿಡುಬು, ದಡಾರ, ಸ್ಕಾರ್ಲೆಟ್ ಜ್ವರ, ಗಂಟಲಮಾರಿ, ನಾಯಿಕೆಮ್ಮು, 'ಫೀವರ್' ಮತ್ತು ಅತಿಸಾರ. ಗಮನಿಸಿ: ಕ್ಷಯ ಈ ಪಟ್ಟಿಯಲ್ಲಿಲ್ಲ. ಅದನ್ನು ಆಗ ಅಂಟುರೋಗವೆಂದು ಎಣಿಸುತ್ತಿರಲಿಲ್ಲ, ಜರ್ಮನ್ ವಿಜ್ಞಾನಿ ರಾಬರ್ಟ್ ಕಾಕ್ ಕ್ಷಯದ ಜೀವಾಣುವನ್ನು ತೋರಿಸಿದ್ದು 1882ರಲ್ಲಿ. 'ಝೈಮೋಟಿಕ್ ಪ್ರಮಾಣ ಇಳಿಯಿತು, ಆದ್ದರಿಂದ ಅಂಟುರೋಗ ಇಳಿಯಿತು' ಅಂತ ಬರೆದರೆ ಅತಿ ದೊಡ್ಡ ಅಂಟುರೋಗವನ್ನೇ ಬಿಟ್ಟಂತಾಗುತ್ತದೆ.

ಕ್ಷಯ ನಾಲ್ಕು ವೇಷದಲ್ಲಿ ಬರುತ್ತದೆ. ಥೈಸಿಸ್ ಅಥವಾ ಕನ್ಸಂಪ್ಷನ್ ಎಂದರೆ ಶ್ವಾಸಕೋಶದ ಕ್ಷಯ. ಟೇಬೀಸ್ ಮೆಸೆಂಟೆರಿಕಾ ಮಕ್ಕಳ ಹೊಟ್ಟೆಯ ಕ್ಷಯ, ಆದರೆ ಬರೀ ಭೇದಿಯಿಂದ ಸೊರಗಿದ ಕೂಸುಗಳೂ ಈ ಹೆಸರಿನಡಿ ಸೇರಿರುತ್ತವೆ. ಸ್ಕ್ರಾಫುಲಾ ಕುತ್ತಿಗೆಯ ಗಂಟುಗಳದು. ಹೈಡ್ರೊಸೆಫಲಸ್ ಎಂದು ಮಗುವಿನ ಸಾವಿನಲ್ಲಿ ಬರೆದಿದ್ದರೆ ಬಹಳ ಬಾರಿ ಅದು ಮಿದುಳು ಪೊರೆಯ ಕ್ಷಯ.

'ಫೀವರ್' ಮತ್ತೊಂದು ಗೊಂದಲ. ಹೇನಿನಿಂದ ಹರಡುವ ಟೈಫಸ್ ಮತ್ತು ನೀರು-ಆಹಾರದಿಂದ ಹರಡುವ ಟೈಫಾಯ್ಡ್, ಅಂದರೆ ವಿಷಮಶೀತ ಜ್ವರ, ರಾಷ್ಟ್ರೀಯ ಕೋಷ್ಟಕಗಳಲ್ಲಿ 1869ರ ತನಕ ಒಂದೇ ಸಾಲು. ಆಮೇಲೆ ಟೈಫಸ್, ಎಂಟೆರಿಕ್ ಫೀವರ್, ಸಿಂಪಲ್ ಕಂಟಿನ್ಯೂಡ್ ಫೀವರ್ ಎಂದು ಮೂರಾಯಿತು. 1869ರ ಹಿಂದೆ-ಮುಂದೆ ಹೋಲಿಸಬೇಕಾದರೆ ಮೂರನ್ನೂ ಕೂಡಿಸಿಯೇ ಹೋಲಿಸಿ. 1860ರ ಸಾಲಿನಲ್ಲಿ 'ಟೈಫಸ್' ಎಂದು ಕಂಡರೆ ಹೇನಿನ ಕಥೆ ಹೇಳಲು ಹೋಗಬೇಡಿ. ಗಂಟಲಮಾರಿಯೂ ಹೀಗೇ, 1850ರ ದಶಕದವರೆಗೆ ಸ್ಕಾರ್ಲೆಟ್ ಜ್ವರದ ಲೆಕ್ಕದಲ್ಲಿ ಅಡಗಿತ್ತು, ಒಂದು ಪಾಲು 'ಕ್ರೂಪ್' (ಉಸಿರು ಕಟ್ಟುವ ಗಂಟಲ ಕಾಯಿಲೆ) ಎಂಬ ಹೆಸರಿನಲ್ಲಿ ಆಮೇಲೂ ಉಳಿಯಿತು.

ಹಸುಗೂಸುಗಳ ಕಾರಣಗಳಲ್ಲಿ ಅರ್ಧಕ್ಕರ್ಧ ಕಾರಣಗಳೇ ಅಲ್ಲ. ಕನ್ವಲ್ಷನ್ಸ್ ಎಂದರೆ ಸೆಳೆತ, ಸಾಯುವಾಗ ಕಂಡದ್ದು. ಟೀತಿಂಗ್ ಎಂದರೆ ಹಲ್ಲು ಬರುತ್ತಿತ್ತು ಎಂದಷ್ಟೇ. ಡೆಬಿಲಿಟಿ, ಅಟ್ರೊಫಿ, ಮರಾಸ್ಮಸ್ ಮೂರೂ ಸೊರಗಿದ ಮಗು. ಕೆಟ್ಟ ಹಾಲು, ಹಸಿವು, ಅಳು ನಿಲ್ಲಿಸಲು ಕೊಟ್ಟ ಅಫೀಮಿನ ದ್ರಾವಣ ಯಾವುದೂ ಇದರ ಹಿಂದಿರಬಹುದು. ಓವರ್‌ಲೇಯಿಂಗ್ ಎಂದರೆ ಹಾಸಿಗೆಯಲ್ಲಿ ದೊಡ್ಡವರ ಮೈಕೆಳಗೆ ಸಿಕ್ಕು ಉಸಿರುಗಟ್ಟಿದ್ದು ಎಂಬ ತೀರ್ಪು. ಅವುಗಳಲ್ಲಿ ಕೆಲವು ಇಂದು ತೊಟ್ಟಿಲ ಸಾವು ಎಂದು ಕರೆಯುವ ಕಾರಣವಿಲ್ಲದ ಹಠಾತ್ ಸಾವುಗಳಿರಬೇಕು. ಈ ಪದಗಳನ್ನು ಬಿಡಿಬಿಡಿಯಾಗಿ ವಿಶ್ಲೇಷಿಸುವುದು ವ್ಯರ್ಥ. ಬದಲಿಗೆ ತಿಂಗಳು ನೋಡಿ: ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಒಂದು ವರ್ಷದೊಳಗಿನ ಸಾವುಗಳು ಏರಿದ್ದರೆ, ಹೆಸರು ಏನೇ ಇರಲಿ, ಬಹುಪಾಲು ಬೇಸಿಗೆಯ ಅತಿಸಾರ. 1890ರ ದಶಕದ ಕೊನೆಯ ಬಿಸಿ ಬೇಸಿಗೆಗಳಲ್ಲಿ ಇದು ಎದ್ದು ಕಾಣುತ್ತದೆ.

ದೊಡ್ಡವರಲ್ಲಿ: ಡ್ರಾಪ್ಸಿ ಎಂದರೆ ಮೈ ಬಾವು, ಹೃದಯ ಅಥವಾ ಮೂತ್ರಪಿಂಡದ ರೋಗದ ಲಕ್ಷಣ. ಅಪೊಪ್ಲೆಕ್ಸಿ ಪಾರ್ಶ್ವವಾಯು. 'ಡಿಕೇ ಆಫ್ ನೇಚರ್' ಮುಪ್ಪು. 'ವಿಸಿಟೇಷನ್ ಆಫ್ ಗಾಡ್' ಎಂದರೆ ಕರೋನರ್ ನ್ಯಾಯಮಂಡಲಿಗೆ ಕಾರಣ ಸಿಗಲಿಲ್ಲ ಅಂತ. 'ಪೆರಿಟೊನೈಟಿಸ್' (ಹೊಟ್ಟೆಯೊಳಗಿನ ಪೊರೆಯ ಉರಿಯೂತ) ಎಂದು 20–40ರ ಹೆಂಗಸಿನ ಸಾವಿನಲ್ಲಿ ಬರೆದಿದ್ದರೆ ಅನುಮಾನದಿಂದ ನೋಡಿ; ಬಾಣಂತಿ ಜ್ವರ ಎಂದು ಬರೆದರೆ ಹೆರಿಗೆ ಮಾಡಿಸಿದ ವೈದ್ಯನ ಮೇಲೇ ಬೆರಳು ಬರುತ್ತಿತ್ತು. 1880ರ ದಶಕದಿಂದ ನೋಂದಣಿ ಕಚೇರಿ ಇಂಥ ಅಸ್ಪಷ್ಟ ಉತ್ತರಗಳ ಬಗ್ಗೆ ವೈದ್ಯರಿಗೆ ಪತ್ರ ಬರೆದು ಕೇಳತೊಡಗಿತು. ಹಾಗಾಗಿ ಆ ದಶಕದಲ್ಲಿ ಬಾಣಂತಿ ಜ್ವರ 'ಹೆಚ್ಚಿದ'ಂತೆ ಕಂಡರೆ ಅದರಲ್ಲಿ ಪ್ರಾಮಾಣಿಕತೆಯ ಪಾಲೂ ಇದೆ.

ಒಂದು ಗಡಿರೇಖೆ ನೆನಪಿಡಿ: 1874ರ ಕಾಯ್ದೆ. 1875ರಿಂದ ಕೊನೆಯ ಬಾರಿ ನೋಡಿದ ವೈದ್ಯ ಕಾರಣದ ಪ್ರಮಾಣಪತ್ರ ಕೊಡುವುದು ಕಡ್ಡಾಯವಾಯಿತು, ಜನನ ನೋಂದಾಯಿಸದಿದ್ದರೆ ತಂದೆತಾಯಿಗೆ ದಂಡ ಬಂತು. ಅದಕ್ಕೆ ಮುಂಚಿನ ಕಾರಣಗಳಲ್ಲಿ ಎಷ್ಟೋ ಸತ್ತವರ ಮನೆಯವರು ಹೇಳಿದ್ದು.

6. ಪ್ರಮಾಣ ಲೆಕ್ಕ ಹಾಕುವುದು

ಒಟ್ಟು ಮರಣ ಪ್ರಮಾಣಕ್ಕೆ ಹೋಲಿಕೆಯ ಗುರುತುಗಳು: ಶತಮಾನದ ಮಧ್ಯದಲ್ಲಿ ಇಂಗ್ಲೆಂಡ್-ವೇಲ್ಸಿನದು ಸಾವಿರಕ್ಕೆ ಸುಮಾರು 22. ಫಾರ್ 'ಆರೋಗ್ಯವಂತ ಜಿಲ್ಲೆ'ಗೆ ಇಟ್ಟ ಗುರುತು 17. ಸಾವಿರಕ್ಕೆ 23 ದಾಟಿದ ಊರಿನ ಮೇಲೆ ಆರೋಗ್ಯ ಮಂಡಳಿ ಹೇರಲು 1848ರ ಸಾರ್ವಜನಿಕ ಆರೋಗ್ಯ ಕಾಯ್ದೆ ಅವಕಾಶ ಕೊಟ್ಟಿತ್ತು.

ಶಿಶುಮರಣಕ್ಕೆ ಛೇದ ಜನಸಂಖ್ಯೆಯಲ್ಲ, ಅದೇ ವರ್ಷದ ಜನನಗಳು. ಒಂದು ವರ್ಷದೊಳಗಿನ ಸಾವು ಭಾಗಿಸು ಜನನ, ಗುಣಿಸು 1,000. ರಾಷ್ಟ್ರದ ಪ್ರಮಾಣ ಶತಮಾನದ ಉತ್ತರಾರ್ಧ ಪೂರ್ತಿ 150ರ ಸುತ್ತಲೇ ತೂಗಾಡಿತು. ಚರಂಡಿ, ನೀರು ಸುಧಾರಿಸಿದ್ದು ಇಲ್ಲಿ ಬೇಗ ಫಲ ಕೊಡಲಿಲ್ಲ. ಹುಟ್ಟುವಾಗಲೇ ಸತ್ತ ಮಕ್ಕಳು ಈ ಲೆಕ್ಕದಲ್ಲಿಲ್ಲ, ಅವರ ನೋಂದಣಿ ಶುರುವಾದದ್ದು 1927ರಲ್ಲಿ. 1875ಕ್ಕೆ ಮುಂಚೆ ಕೆಲವು ಜನನಗಳೂ ದಾಖಲಾಗಿಲ್ಲ, ಆದ್ದರಿಂದ ಆ ಕಾಲದ ಪ್ರಮಾಣ ಸ್ವಲ್ಪ ಉಬ್ಬಿರುತ್ತದೆ.

ಎರಡು ಜಿಲ್ಲೆಗಳನ್ನು ಹೋಲಿಸುವಾಗ ವಯೋಮಾನ ಸಮ ಮಾಡಿ. ಇಂಗ್ಲೆಂಡ್-ವೇಲ್ಸಿನ ಪ್ರತಿ ವಯೋಗುಂಪಿನ ಮರಣ ಪ್ರಮಾಣವನ್ನು ನಿಮ್ಮ ಜಿಲ್ಲೆಯ ಅದೇ ವಯೋಗುಂಪಿನ ಜನಸಂಖ್ಯೆಗೆ ಗುಣಿಸಿ, ಎಲ್ಲ ಕೂಡಿಸಿ. ಸಿಗುವುದು ನಿರೀಕ್ಷಿತ ಸಾವು. ನಿಜವಾದ ಸಾವನ್ನು ಅದರಿಂದ ಭಾಗಿಸಿ 100ರಿಂದ ಗುಣಿಸಿ. ಬರೀ ಲೆಕ್ಕ ತೋರಿಸಲು ಹೇಳುವುದಾದರೆ, ನಿರೀಕ್ಷಿತ 3,000, ನಿಜ 3,450 ಇದ್ದರೆ ಉತ್ತರ 115, ಅಂದರೆ ದೇಶಕ್ಕಿಂತ 15% ಹೆಚ್ಚು. ಆಳುಕಾಳುಗಳಾಗಿ ಬಂದ ಹರೆಯದ ಹುಡುಗಿಯರೇ ತುಂಬಿದ ಶ್ರೀಮಂತ ಬಡಾವಣೆಗಳು ಒಟ್ಟು ಪ್ರಮಾಣದಲ್ಲಿ ಅನ್ಯಾಯವಾಗಿ ಚೆನ್ನಾಗಿ ಕಾಣುತ್ತವೆ. ಈ ಲೆಕ್ಕ ಅದನ್ನು ಸರಿಮಾಡುತ್ತದೆ.

ಉಪಜಿಲ್ಲೆಯ ಚಿಕ್ಕ ಸಂಖ್ಯೆಗಳಿಗೆ ಒಂದು ಒರಟು ನಿಯಮ: ಸಾವಿನ ಸಂಖ್ಯೆಯ ವರ್ಗಮೂಲದ ಎರಡರಷ್ಟು ಮೇಲೆ-ಕೆಳಗೆ ಆಕಸ್ಮಿಕ. 25 ಸಾವು ಎಂದರೆ 15ರಿಂದ 35ರ ನಡುವೆ ಏನೂ ಆಗಬಹುದಿತ್ತು. ಹೋದ ವರ್ಷ 25, ಈ ವರ್ಷ 32, ಅದಕ್ಕೇ ಒಂದು ಪ್ಯಾರಾ ವಿವರಣೆ ಬರೆಯಬೇಡಿ.

ಇನ್ನು ಎಲ್ಲರೂ ಉಲ್ಲೇಖಿಸುವ ಒಂದು ಅಂಕಿಯ ಬಗ್ಗೆ. ನೈರ್ಮಲ್ಯ ಸುಧಾರಕ ಎಡ್ವಿನ್ ಚಾಡ್ವಿಕ್‌ರ 1842ರ ವರದಿಯಲ್ಲಿ ಬೆತ್ನಲ್ ಗ್ರೀನ್‌ನ ಸರಾಸರಿ ಸಾವಿನ ವಯಸ್ಸು ಹೀಗಿದೆ: ಗಣ್ಯರು 45, ವ್ಯಾಪಾರಿಗಳು 26, ಕೂಲಿಕಾರರು 16. 'ಬೆತ್ನಲ್ ಗ್ರೀನ್‌ನ ಕೂಲಿಗಳು ಹದಿನಾರು ವರ್ಷ ಬದುಕುತ್ತಿದ್ದರು' ಎಂದು ಇದನ್ನು ಇಂದಿಗೂ ಬರೆಯುತ್ತಾರೆ. ತಪ್ಪು. ಸರಾಸರಿ ಸಾವಿನ ವಯಸ್ಸು ಆಯುರ್ನಿರೀಕ್ಷೆಯಲ್ಲ. ಮಕ್ಕಳು ಹೆಚ್ಚು ಹುಟ್ಟುವ ಸಮುದಾಯದಲ್ಲಿ ಸಾಯುವ ಮಕ್ಕಳೂ ಹೆಚ್ಚು, ಸರಾಸರಿ ತಾನಾಗಿ ಕುಸಿಯುತ್ತದೆ. ವಿಮಾ ಗಣಿತಜ್ಞ ನೀಸನ್ 1844ರಲ್ಲೇ ಇದನ್ನು ತೋರಿಸಿಕೊಟ್ಟರು. ಹೋಲಿಕೆ ಬೇಕಾದರೆ ಫಾರ್ ಅವರ ಜೀವಿತ ಕೋಷ್ಟಕಗಳನ್ನು ಹಿಡಿಯಿರಿ: ಹುಟ್ಟಿದಾಗಿನ ಆಯುರ್ನಿರೀಕ್ಷೆ ಸರ್ರೆಯಲ್ಲಿ ಸುಮಾರು 45, ಲಂಡನ್ನಿನಲ್ಲಿ 37, ಲಿವರ್‌ಪೂಲ್‌ನಲ್ಲಿ 26. ಅಂತರ ಆಗಲೂ ಭೀಕರವೇ, ಉತ್ಪ್ರೇಕ್ಷೆಯ ಅಗತ್ಯವಿಲ್ಲ.

7. ಕಾಲರಾವನ್ನು ಅದರ ಜಾಗದಲ್ಲಿಡಿ

1849ರಲ್ಲಿ ಲ್ಯಾಂಬೆತ್‌ನ ಕಾಲರಾ ಸಾವು 10,000ಕ್ಕೆ 120. ರಾದರ್‌ಹೈತ್‌ನಲ್ಲಿ 205, ಎತ್ತರದ ಹ್ಯಾಂಪ್‌ಸ್ಟೆಡ್‌ನಲ್ಲಿ 8. ಫಾರ್ ಇದರಿಂದ ತಗ್ಗಿನ ಗಾಳಿಯೇ ಕಾರಣ ಎಂಬ ತೀರ್ಮಾನಕ್ಕೆ ಬಂದರು. ಅಂಕಿಗಳು ಸರಿಯಿದ್ದವು, ಅರ್ಥ ತಪ್ಪಿತ್ತು: ತಗ್ಗಿನವರು ಕುಡಿಯುತ್ತಿದ್ದದ್ದು ನಗರದ ಕೊಳಚೆ ಬಿದ್ದ ಥೇಮ್ಸ್ ನೀರು.

ಲ್ಯಾಂಬೆತ್ ವಾಟರ್‌ವರ್ಕ್ಸ್ ಕಂಪನಿ 1852ರಲ್ಲಿ ನೀರೆತ್ತುವ ಜಾಗವನ್ನು ಮೇಲ್ಹರಿವಿನ ಥೇಮ್ಸ್ ಡಿಟನ್‌ಗೆ ಒಯ್ದಿತು. ಸದರ್ಕ್ ಆಂಡ್ ವಾಕ್ಸ್‌ಹಾಲ್ ಕಂಪನಿ ಬ್ಯಾಟರ್‌ಸಿಯಲ್ಲೇ ಉಳಿಯಿತು. ಒಂದೇ ಬೀದಿಯಲ್ಲಿ ಎರಡರ ಕೊಳವೆಗಳೂ ಇದ್ದವು. 1854ರ ಹಾವಳಿಯ ಮೊದಲ ಏಳು ವಾರಗಳಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಎಣಿಸಿದ್ದು: ಸದರ್ಕ್ ಆಂಡ್ ವಾಕ್ಸ್‌ಹಾಲ್‌ನ 40,046 ಮನೆಗಳಲ್ಲಿ 1,263 ಸಾವು, ಲ್ಯಾಂಬೆತ್ ಕಂಪನಿಯ 26,107 ಮನೆಗಳಲ್ಲಿ 98. ಅಂದರೆ 10,000 ಮನೆಗಳಿಗೆ 315 ಮತ್ತು 37. ಇಲ್ಲಿ ಛೇದ ಮನೆಗಳು, ಜನರಲ್ಲ. ಅವಧಿ ಏಳು ವಾರ, ವರ್ಷವಲ್ಲ. ಇದನ್ನು ಮೇಲಿನ 120ರ ಪಕ್ಕದಲ್ಲಿ ಒಂದೇ ಕೋಷ್ಟಕದಲ್ಲಿ ಹಾಕಿದವರಿದ್ದಾರೆ. ಹಾಕಬೇಡಿ. ಇನ್ನೊಂದು ಗೊಂದಲ: ಲ್ಯಾಂಬೆತ್ ಕಂಪನಿಯ ಮನೆಗಳು ಬೇರೆ, ಲ್ಯಾಂಬೆತ್ ಜಿಲ್ಲೆಯ ಮನೆಗಳು ಬೇರೆ. ಜಿಲ್ಲೆಯೊಳಗೆ ಎರಡೂ ಕಂಪನಿಗಳ ಗ್ರಾಹಕರಿದ್ದರು.

1849ರ ಆ 120 ಎಂದರೆ ಸಾವಿರಕ್ಕೆ 12, ಒಂದೇ ವರ್ಷದಲ್ಲಿ. 1851–60ರ ದಶಕದಲ್ಲಿ ಶ್ವಾಸಕೋಶದ ಕ್ಷಯ ದೇಶದಲ್ಲಿ ಪ್ರತಿ ವರ್ಷ ಸಾವಿರಕ್ಕೆ ಎರಡೂವರೆಗಿಂತ ಹೆಚ್ಚು ಜನರನ್ನು ಒಯ್ಯುತ್ತಿತ್ತು. ಐದು ವರ್ಷದೊಳಗೆ ಅದು ಕಾಲರಾದ ಲೆಕ್ಕವನ್ನು ಮುಟ್ಟುತ್ತದೆ, ಆಮೇಲೂ ನಿಲ್ಲುವುದಿಲ್ಲ. ಕಾಲರಾ 1866ರ ನಂತರ ಲಂಡನ್ನಿಗೆ ಹಾವಳಿಯಾಗಿ ಬರಲೇ ಇಲ್ಲ. ನಿಮ್ಮ ಬರಹದಲ್ಲಿ ಕಾಲರಾಕ್ಕೆ ಹತ್ತು ಪುಟ, ಕ್ಷಯ-ಬ್ರಾಂಕೈಟಿಸ್-ಶಿಶುಮರಣಕ್ಕೆ ಅರ್ಧ ಪುಟ ಕೊಟ್ಟಿದ್ದರೆ ಅನುಪಾತ ತಲೆಕೆಳಗಾಗಿದೆ.

8. ಒಂದೊಂದೇ ಸಾವಿನ ಪ್ರಮಾಣಪತ್ರ

ಕೋಷ್ಟಕದ ಅನುಮಾನ ಬಗೆಹರಿಸಲು ಕೆಲವು ಬಿಡಿ ಪ್ರಮಾಣಪತ್ರ ತರಿಸಿ ನೋಡಬಹುದು. ಜನರಲ್ ರಿಜಿಸ್ಟರ್ ಆಫೀಸಿನ ಅಂತರ್ಜಾಲ ಸೂಚಿಯಲ್ಲಿ ಹೆಸರು, ತ್ರೈಮಾಸಿಕ, ಜಿಲ್ಲೆ ಹಾಕಿ ಹುಡುಕಿ; 1837ರಿಂದಲೇ ಸತ್ತ ವಯಸ್ಸು ಸಿಗುತ್ತದೆ. ಸಂಪುಟ ಸಂಖ್ಯೆ ಲ್ಯಾಂಬೆತ್‌ಗೆ 1851ರವರೆಗೆ 4, 1852ರಿಂದ 1ಡಿ. ಬೇರೆ ಸಂಖ್ಯೆ ಬಂದರೆ ಬೇರೆ ಜಿಲ್ಲೆ ಹಿಡಿದಿದ್ದೀರಿ. ಪ್ರತಿಗೆ ಶುಲ್ಕವಿದೆ. ಕಾರಣದ ಮೇಲೆ ಹುಡುಕಲು ಆಗುವುದಿಲ್ಲ, ಹೆಸರು ಗೊತ್ತಿರಲೇಬೇಕು.

ಪತ್ರ ಬಂದ ಮೇಲೆ ಕಾರಣದ ಕಂಬವನ್ನು ಪೂರ್ತಿ ಓದಿ. 'ದಡಾರ 8 ದಿನ, ಬ್ರಾಂಕೈಟಿಸ್ 3 ದಿನ' ಎಂಬ ಬಗೆಯ ಎರಡು ಸಾಲಿದ್ದರೆ ಮೊದಲನೆಯದು ಮೂಲ ಕಾರಣ, ಎರಡನೆಯದು ಅದರಿಂದ ಹುಟ್ಟಿದ್ದು. ಕೊನೆಗೆ 'ಸರ್ಟಿಫೈಡ್' ಎಂದಿದ್ದರೆ ವೈದ್ಯ ಬರೆದುಕೊಟ್ಟದ್ದು, 'ನಾಟ್ ಸರ್ಟಿಫೈಡ್' ಎಂದಿದ್ದರೆ ಮನೆಯವರ ಮಾತು. ಮಾಹಿತಿ ಕೊಟ್ಟವರ ಕಂಬದಲ್ಲಿ ಕರೋನರ್ ಹೆಸರಿದ್ದರೆ ವಿಚಾರಣೆ ನಡೆದಿದೆ ಎಂದರ್ಥ. ವಿವರಕ್ಕೆ ಆ ವಾರದ ಸ್ಥಳೀಯ ಪತ್ರಿಕೆಗಳನ್ನು ನೋಡಿ, ಕರೋನರ್ ಕಡತಗಳಿಗಿಂತ ಅಲ್ಲೇ ಸಿಗುವ ಸಾಧ್ಯತೆ ಹೆಚ್ಚು. ಸತ್ತ ಸ್ಥಳದ ಕಂಬದಲ್ಲಿ ಬೀದಿಯ ಹೆಸರು ಮಾತ್ರ ಇದ್ದು ಅದು ನಿಮಗೆ ಪರಿಚಯವಿಲ್ಲದ್ದಾದರೆ ಹಳೆಯ ನಕ್ಷೆಯಲ್ಲಿ ಹುಡುಕಿ: ಆಸ್ಪತ್ರೆ, ವರ್ಕ್‌ಹೌಸ್‌ಗಳು ಕೆಲವೊಮ್ಮೆ ಬರೀ ಬಾಗಿಲ ಸಂಖ್ಯೆಯ ಹಿಂದೆ ಅಡಗಿರುತ್ತವೆ.